ಮುಖ್ಯ ರಸ್ತೆ ಮತ್ತೆ ಅಗೆಯುತ್ತಾರಂತೆ: ಈ ಸಲ ನೀರು, ಮರ, ನಡೆಯುವವರ ಜಾಗ ಮೊದಲೇ ಮಾತಾಡೋಣ

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮುಖ್ಯ ರಸ್ತೆಯನ್ನು ಹೊಸದಾಗಿ ಮಾಡುತ್ತಾರಂತೆ. ಡಾಂಬರು, ಫುಟ್‌ಪಾತ್, ನಡುವೆ ಡಿವೈಡರ್, ಅದರ ತುಂಬ ಹೂಗಿಡ, ಎರಡೂ ಬದಿಗೆ ಸಾಲುಮರ. ನಕ್ಷೆ ನೋಡಿ ಬಂದೆ. ನೋಡಲು ಚೆನ್ನಾಗಿಯೇ ಇದೆ. ಆದರೂ ಮನಸ್ಸಿಗೆ ಸಮಾಧಾನ ಆಗಲಿಲ್ಲ, ಯಾಕೆಂದರೆ ಹೋದ ಸಲದ ನಕ್ಷೆಯೂ ಇಷ್ಟೇ ಚೆನ್ನಾಗಿತ್ತು.

ಆಗ ಏನಾಯಿತು ನೆನಪಿದೆಯಾ? ಡಾಂಬರು ಹಾಕಿ ಎರಡು ತಿಂಗಳಾಗಿರಲಿಲ್ಲ, ಪೈಪ್ ಹಾಕಬೇಕು ಅಂತ ಉದ್ದಕ್ಕೆ ಅಗೆದರು. ಮಣ್ಣು ಸುರಿದು ಮೇಲೆ ತೇಪೆ ಹಾಕಿ ಹೋದರು. ಮೊದಲ ಜೋರು ಮಳೆಗೇ ಆ ತೇಪೆ ಕುಸಿಯಿತು. ನಮ್ಮ ಮನೆ ಎದುರಿಗೇ ಒಬ್ಬ ಹುಡುಗ ಬೈಕಿನಿಂದ ಬಿದ್ದ, ಕೈ ಮುರಿದುಕೊಂಡ. ಸಸಿಗಳನ್ನು ನೆಟ್ಟ ದಿನ ಎಣಿಸಿದ್ದೆ, ನಲವತ್ತು ಇದ್ದವು. ನಿನ್ನೆ ಮತ್ತೆ ಎಣಿಸಿದೆ. ಏಳು ಉಳಿದಿವೆ. ಆ ಏಳರಲ್ಲಿ ಎರಡರ ಕಾಂಡಕ್ಕೆ ಕಬ್ಬಿಣದ ಟ್ರೀ ಗಾರ್ಡ್ ಕಚ್ಚಿಕೊಂಡು ಒಳಗೆ ಹೋಗಿದೆ.

ಕೆಲಸ ಶುರುವಾಗುವ ಮುಂಚೆ ನಾವೆಲ್ಲ ಸೇರಿ ಒಂದು ಪತ್ರ ಕೊಡೋಣ ಅಂತ ನನ್ನ ಆಸೆ. ನನಗೆ ಅನಿಸುವುದು ಇಷ್ಟು: ಮರ ಗಿಡವನ್ನು ಕೊನೆಯಲ್ಲಿ ದುಡ್ಡು ಉಳಿದರೆ ಹಾಕುವ ಅಲಂಕಾರ ಅಂತ ನೋಡುತ್ತಾರೆ, ಅಲ್ಲೇ ಎಡವಟ್ಟು ಆಗುವುದು. ಚರಂಡಿ, ಜಲ್ಲಿ ಇದ್ದ ಹಾಗೆ ಅದನ್ನೂ ರಸ್ತೆಯ ಕೆಲಸದ ಒಳಗೇ ಸೇರಿಸಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಜಲ್ಲಿಕಲ್ಲು

ಸರ್, ರಸ್ತೆ ಕೆಲಸದಲ್ಲೇ ನನ್ನ ತಲೆ ಬೆಳ್ಳಗಾಗಿದೆ. ಪತ್ರದಲ್ಲಿ ಮೊದಲ ಸಾಲು ನೀರಿನ ಬಗ್ಗೆ ಇರಲಿ.

ಗುಂಡಿ ಬಿದ್ದ ಕೂಡಲೇ ಎಲ್ಲರೂ ಡಾಂಬರು ತೆಳು ಅನ್ನುತ್ತಾರೆ. ತೆಳು ಇರಬಹುದು, ಆದರೆ ಜಾಸ್ತಿ ಸಲ ಕಾರಣ ನೀರು. ಬಿರುಕಿನಲ್ಲಿ ನೀರು ಇಳಿಯುತ್ತದೆ. ಕೆಳಗಿನ ಪದರ ಮೆತ್ತಗಾಗುತ್ತದೆ. ಮೇಲೆ ಚಕ್ರ ಹಾದಾಗ ಸಿಕ್ಕಿಕೊಂಡ ನೀರು ಒತ್ತಡಕ್ಕೆ ಒಳಗೇ ನುಗ್ಗಾಡಿ ಜಲ್ಲಿಗೆ ಅಂಟಿದ ಡಾಂಬರನ್ನು ಬಿಡಿಸುತ್ತದೆ. ಒಂದು ಕಲ್ಲು ಎದ್ದರೆ ಪಕ್ಕದ ಕಲ್ಲಿಗೆ ಆಸರೆ ಹೋಯಿತು. ಆಮೇಲೆ ಗುಂಡಿ ದೊಡ್ಡದಾಗುವುದಕ್ಕೆ ವಾರ ಸಾಕು.

ಹಾಗಾಗಿ ನಡುವಿನಿಂದ ಅಂಚಿಗೆ ಇಳಿಜಾರು ಸರಿಯಾಗಿ ಬರಬೇಕು. ನೂರಕ್ಕೆ ಎರಡು, ಎರಡೂವರೆ. ಅಂದರೆ 10 ಮೀಟರ್ ಅಗಲದ ರಸ್ತೆಯಲ್ಲಿ ಅಂಚು ನಡುವಿಗಿಂತ ಸುಮಾರು 10ರಿಂದ 12 ಸೆಂಟಿಮೀಟರ್ ತಗ್ಗಿನಲ್ಲಿರಬೇಕು. ಅಂಚಿಗೆ ಬಂದ ನೀರಿಗೆ ಹೋಗಲು ಬಾಯಿ ಬೇಕು. ಎಷ್ಟೋ ಕಡೆ ಚರಂಡಿ ಇರುತ್ತದೆ, ಆದರೆ ಅದರ ಬಾಯಿ ರಸ್ತೆಗಿಂತ ಎತ್ತರದಲ್ಲಿರುತ್ತದೆ! ನೀರು ಹತ್ತುವುದಿಲ್ಲ, ಅಲ್ವಾ.

ಎರಡನೆಯದು, ಹಳೆಯ ಡಾಂಬರಿನ ಮೇಲೇ ಹೊಸದು ಹಾಕುತ್ತಾ ಹೋಗಬಾರದು. ಒಂದೊಂದು ಸಲಕ್ಕೂ ರಸ್ತೆ ಮೇಲೇಳುತ್ತದೆ, ಮನೆ ಬಾಗಿಲು ಕೆಳಗೆ ಹೋಗುತ್ತದೆ, ಮಳೆ ನೀರು ಅಂಗಳಕ್ಕೆ ಬರುತ್ತದೆ. ಹಳೆಯ ಪದರ ಕೆರೆದು ತೆಗೆಯುವ ಮಿಲ್ಲಿಂಗ್ ಯಂತ್ರ ಇದೆ. ಅದನ್ನು ಬಳಸಿ ಅಂತ ಬರೆಯಿರಿ.

ಮೂರನೆಯದು ನೀವೇ ಹೇಳಿದ್ದು, ಪೈಪು. ಡಾಂಬರು ಬೀಳುವ ಮುಂಚೆ ನೀರು, ಒಳಚರಂಡಿ, ಕರೆಂಟ್, ಇಂಟರ್ನೆಟ್ ಎಲ್ಲರನ್ನೂ ಒಂದು ಸಲ ಕೂರಿಸಿ ಕೇಳಬೇಕು. ರಸ್ತೆ ಅಡ್ಡ ಹಾಯುವ ಕಡೆಯೆಲ್ಲ ಖಾಲಿ ಪೈಪು ಹೂತಿಟ್ಟರೆ ಮುಂದೆ ಕೇಬಲ್ ಎಳೆಯಲು ಅಗೆಯುವುದೇ ಬೇಡ. ಅಗೆದರೂ ಮಣ್ಣನ್ನು ಒಂದೇ ಸಲ ಸುರಿದು ಮುಚ್ಚಬಾರದು. 15–20 ಸೆಂಟಿಮೀಟರ್ ತುಂಬಿ ದಮ್ಮಸು ಮಾಡಬೇಕು, ಅಂದರೆ ಬಡಿದು ಗಟ್ಟಿ ಮಾಡಬೇಕು, ಮತ್ತೆ ಅಷ್ಟೇ ತುಂಬಿ ಮತ್ತೆ ದಮ್ಮಸು. ನಿಮ್ಮ ಮನೆ ಎದುರು ಕುಸಿದದ್ದು ಈ ಕೆಲಸ ಮಾಡದೆ ಇದ್ದದ್ದಕ್ಕೇ.

ಇನ್ನೊಂದು ವಿಷಯ, ಸ್ವಲ್ಪ ಉದ್ದ ಆಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರ ತನಕ ರಸ್ತೆಗಳನ್ನು ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಆಗ ಕಂಡದ್ದು ಏನೆಂದರೆ ಚಕ್ರಗಳನ್ನು ಕೂಡಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಹದಿನಾರು ಪಟ್ಟಾಗುತ್ತದೆ. ಬೈಕು, ಕಾರಿನಿಂದ ರಸ್ತೆ ಹಾಳಾಗುವುದು ಬಹಳ ಕಡಿಮೆ. ಹಾಗಾಗಿ ಬಸ್ಸು ನಿಲ್ಲುವ ಜಾಗ, ಲಾರಿ ತಿರುಗುವ ಮೂಲೆ, ಇಷ್ಟಕ್ಕಾದರೂ ಕಾಂಕ್ರೀಟ್ ಹಾಕಿ ಅಂತ ಕೇಳಬಹುದು. ಬಸ್ಸು ಬ್ರೇಕ್ ಹಾಕುವ ಕಡೆ ಡಾಂಬರು ಬಿಸಿಲಿಗೆ ಮೆತ್ತಗಾಗಿ ಮಡಿಕೆ ಮಡಿಕೆ ಆಗಿರುವುದನ್ನು ನೀವೆಲ್ಲ ನೋಡಿರುತ್ತೀರಿ.

ಅಂಗಡಿಬಾಗಿಲು

ನನಗೆ ಈ ರಸ್ತೆಯಲ್ಲೇ ಅಂಗಡಿ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫುಟ್‌ಪಾತ್ ಅಗಲ ಮಾಡಿ, ಮರ ನೆಟ್ಟು, ಗಾಡಿ ನಿಲ್ಲಿಸುವ ಜಾಗ ತೆಗೆದರೆ ನಮ್ಮ ವ್ಯಾಪಾರ ಏನಾಗಬೇಕು? ಹೋದ ಸಲ ಐದು ತಿಂಗಳು ರಸ್ತೆ ಅಗೆದು ಬಿಟ್ಟಿದ್ದರು, ಧೂಳಿನಲ್ಲಿ ಗಿರಾಕಿಯೇ ಬರಲಿಲ್ಲ. ಪಕ್ಕದವರು ಬಾಗಿಲು ಹಾಕಿಕೊಂಡೇ ಹೋದರು. ಮರ ಬೇಕು ಅನ್ನುವವರಿಗೆ ಈ ನಷ್ಟ ಕಾಣುವುದಿಲ್ಲ.

ದಿನನಡಿಗೆ

ಅಣ್ಣ, ನಿಮ್ಮ ಮಾತು ನಿಜ. ಕೆಲಸವನ್ನು ತುಂಡು ತುಂಡಾಗಿ ಮಾಡಬೇಕು. ನೂರು ಮೀಟರ್ ಮುಗಿಸಿ, ಓಡಾಡಲು ಬಿಟ್ಟು, ಆಮೇಲೆ ಮುಂದಿನ ನೂರು. ಇದನ್ನು ಪತ್ರದಲ್ಲಿ ಬರೆಯಲೇಬೇಕು, ನಾನೇ ಬರೆಯುತ್ತೇನೆ.

ಆದರೆ ಒಂದು ಕೇಳಿ. ನಾನು ದಿನಾ ಅಮ್ಮನನ್ನು ಕರೆದುಕೊಂಡು ಈ ರಸ್ತೆಯಲ್ಲಿ ನಡೆಯುತ್ತೇನೆ. ಅವರಿಗೆ ಎಪ್ಪತ್ತೆಂಟು. ನಿಮ್ಮ ಸಾಲಿನ ಅಂಗಡಿಗಳಿಗೆ ಹೋಗಬೇಕೆಂದರೆ ಫುಟ್‌ಪಾತಿನಲ್ಲಿ ಗಾಡಿಗಳು, ಕೆಳಗೆ ಇಳಿದರೆ ಬಸ್ಸು. ಅಮ್ಮ ಹೆದರಿ ಬೇಡ ಅನ್ನುತ್ತಾರೆ. ನಾವೂ ಗಿರಾಕಿಗಳೇ ಅಲ್ವಾ? ಬರುವ ದಾರಿ ಇಲ್ಲದೆ ಬರುತ್ತಿಲ್ಲ, ಅಷ್ಟೇ.

ಬ್ರೆಜಿಲ್ ದೇಶದ ಕುರಿಟಿಬಾ ಊರಿನಲ್ಲಿ 1972ರಲ್ಲಿ ಪೇಟೆ ಬೀದಿಯೊಂದನ್ನು ನಡೆಯುವವರಿಗೆ ಮಾತ್ರ ಅಂತ ಮಾಡಿದರು. ಆಗ ಮೇಯರ್ ಆಗಿದ್ದವರು ಜೈಮೆ ಲರ್ನರ್, ವಾಸ್ತುಶಿಲ್ಪಿ. ಅಂಗಡಿಯವರು ಕೋರ್ಟಿಗೆ ಹೋದಾರು ಅಂತ ಗೊತ್ತಿದ್ದೇ 72 ಗಂಟೆಯೊಳಗೆ ಕೆಲಸ ಮುಗಿಸಿದರು. ಸ್ವಲ್ಪ ದಿನಕ್ಕೆ ಅದೇ ಅಂಗಡಿಯವರು ಬೀದಿಯನ್ನು ಇನ್ನೂ ಮುಂದಕ್ಕೆ ಬೆಳೆಸಿ ಅಂತ ಕೇಳಿದರು. ಸ್ಪೇನಿನ ಪೊಂಟೆವೆದ್ರಾ ನಮ್ಮ ಊರಿನ ಹಾಗೆ ಮಧ್ಯಮ ಊರು. ಅಲ್ಲಿ 1999ರಿಂದ ಊರ ನಡುವಿನ ಕಾರು ಓಡಾಟ ಕಡಿಮೆ ಮಾಡುತ್ತಾ ಬಂದರು. ಊರಿನ ನಡುಭಾಗ ಖಾಲಿಯಾಗಲಿಲ್ಲ, ಜನ ನಡೆದೇ ಬರುತ್ತಾರೆ. ನಮ್ಮಲ್ಲಿ ಅಷ್ಟೆಲ್ಲ ಬೇಡ. ಸರಕು ಇಳಿಸಲು ಒಂದು ಜಾಗ, ಗಾಡಿಗೆ ಅಳತೆ ಹಾಕಿದ ಜಾಗ, ನಡೆಯಲು ಪೂರ್ತಿ ಬಿಟ್ಟ ಜಾಗ, ಮೂರೂ ಬೇರೆ ಬೇರೆ ಇದ್ದರೆ ಸಾಕು.

ಹಸಿರುಬೇರು

ಮೂಲೆಮನೆಯವರೇ, ಮೂವತ್ತಮೂರು ಸಸಿ ಸತ್ತದ್ದನ್ನು ಓದಿ ಹೊಟ್ಟೆ ಉರಿಯಿತು. ನಾನು ಸಸಿ ಬೆಳೆಸುವವಳು. ಸಸಿ ಸಾಯುವುದಕ್ಕೆ ನೀರು ಹಾಕದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣುವುದಿಲ್ಲ, ಅದು ಮಣ್ಣು.

ಮರದ ಬೇರು ಪಾತಾಳಕ್ಕೆ ಹೋಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಬೇರಿನ ಬಹುಪಾಲು ಇರುವುದು ಮೇಲಿನ ಎರಡು, ಮೂರು ಅಡಿಯಲ್ಲಿ. ಅದು ಅಗಲಕ್ಕೆ ಹರಡುತ್ತದೆ, ಎಷ್ಟೋ ಸಲ ಕೊಂಬೆಯ ನೆರಳಿಗಿಂತ ಆಚೆಗೂ ಹೋಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ರಸ್ತೆಯವರಿಗೆ ಬೇಕಾದದ್ದು ಗಟ್ಟಿ ದಮ್ಮಸು ಮಾಡಿದ ನೆಲ. ಮರಕ್ಕೆ ಬೇಕಾದದ್ದು ಸಡಿಲ ಮಣ್ಣು. ಇಬ್ಬರ ಜಗಳ ಇದು. ಒಂದು ಮೀಟರ್ ಚೌಕದ ಗುಂಡಿ ತೋಡಿ, ಸುತ್ತ ಕಲ್ಲಿನಂತೆ ಗಟ್ಟಿಯಾದ ನೆಲ ಬಿಟ್ಟು ಸಸಿ ಇಟ್ಟರೆ ಅದು ಕುಂಡದಲ್ಲಿ ಇಟ್ಟ ಹಾಗೆಯೇ. ನಾಲ್ಕೈದು ವರ್ಷ ಹೇಗೋ ಬದುಕುತ್ತದೆ. ಆಮೇಲೆ ಬೇರಿಗೆ ಎಲ್ಲೂ ಜಾಗ ಇಲ್ಲದೆ ಫುಟ್‌ಪಾತಿನ ಕಲ್ಲಿನ ಅಡಿಯಲ್ಲಿ ನುಸುಳುತ್ತದೆ, ಅಲ್ಲಿ ಸ್ವಲ್ಪ ತೇವ, ಸ್ವಲ್ಪ ಗಾಳಿ ಇರುತ್ತದಲ್ಲ. ಬೇರು ದಪ್ಪ ಆದಾಗ ಕಲ್ಲು ಏಳುತ್ತದೆ. ಆಗ ಬಂದು ಮರದ್ದೇ ತಪ್ಪು ಅಂತ ಕಡಿಯುತ್ತಾರೆ.

ಈ ಜಗಳಕ್ಕೆ ದಾರಿ ಕಂಡುಹಿಡಿದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನೀನಾ ಬಾಸುಕ್ ಮತ್ತು ಜೊತೆಯವರು 1990ರ ದಶಕದಲ್ಲಿ ಜಲ್ಲಿ ಜಾಸ್ತಿ, ಮಣ್ಣು ಕಡಿಮೆ ಇರುವ ಒಂದು ಮಿಶ್ರಣ ಮಾಡಿದರು. ಜಲ್ಲಿಗೆ ಜಲ್ಲಿ ತಾಗಿ ಭಾರ ಹೊರುತ್ತದೆ, ನಡುವಿನ ಸಂದಿನಲ್ಲಿ ಮಣ್ಣು, ಗಾಳಿ, ಬೇರು. ಮೇಲೆ ಫುಟ್‌ಪಾತ್ ಹಾಕಬಹುದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇನ್ನೂ ದಪ್ಪ ಕಲ್ಲು, 10–15 ಸೆಂಟಿಮೀಟರಿನದ್ದು, ಹಾಕಿ ಅದರ ಸಂದಿಗೆ ಮಣ್ಣನ್ನು ನೀರಿನಲ್ಲಿ ತೊಳೆದು ಇಳಿಸುತ್ತಾರೆ. ಫುಟ್‌ಪಾತಿನ ಮೇಲಿನ ಮಳೆನೀರನ್ನೂ ಅದಕ್ಕೇ ಬಿಡುತ್ತಾರೆ. ಸಾಯುತ್ತಿದ್ದ ಹಳೆಯ ಮರಗಳೇ ಚಿಗುರಿದವು. ಆಮೇಲೆ ತೋಟದ ಕಸ ಸುಟ್ಟು ಮಾಡಿದ ಇದ್ದಿಲನ್ನೂ ಬೆರೆಸಲು ಶುರು ಮಾಡಿದರು.

ಮುಖ್ಯ ವಿಷಯ ಏನೆಂದರೆ ಇದನ್ನು ಫುಟ್‌ಪಾತ್ ಹಾಕಿದ ಮೇಲೆ ಮಾಡಲು ಆಗುವುದಿಲ್ಲ. ರಸ್ತೆ ಅಗೆದಿರುವಾಗಲೇ, ಮರಕ್ಕೆ ಮರ ಕೂಡುವ ಹಾಗೆ ಉದ್ದಕ್ಕೆ ಒಂದು ಕಾಲುವೆ ತೋಡಿ ತುಂಬಬೇಕು. ಅದಕ್ಕೇ ಹೇಳುವುದು, ಸಸಿ ನೆಡುವವರನ್ನು ಕೊನೆಯಲ್ಲಿ ಕರೆಯಬೇಡಿ, ಮೊದಲ ದಿನವೇ ಕರೆಯಿರಿ.

ಜಲ್ಲಿಕಲ್ಲು

ಮೇಡಂ, ಇದು ನಿಜಕ್ಕೂ ನನಗೆ ಹೊಸ ವಿಷಯ. ನಾವು ಇಷ್ಟು ವರ್ಷ ಬೇರು ಕಂಡರೆ ಕತ್ತರಿಸಿ ದಮ್ಮಸು ಹೊಡೆದೆವು. ಒಂದು ಪ್ರಶ್ನೆ. ಆ ಕಾಲುವೆಗೆ ಹೋದ ನೀರು ಪಕ್ಕಕ್ಕೆ ಇಳಿದು ನನ್ನ ರಸ್ತೆಯ ಅಡಿಯ ಪದರ ಮೆತ್ತಗೆ ಮಾಡುವುದಿಲ್ಲವೇ?

ಹಸಿರುಬೇರು

ಸರಿಯಾದ ಪ್ರಶ್ನೆ ಸರ್. ರಸ್ತೆ ಕಡೆಯ ಗೋಡೆಗೆ ನೀರು ಬಿಡದ ಹಾಳೆ ಇಳಿಸಬೇಕು. ಅಡಿಯಲ್ಲಿ ತೂತಿನ ಪೈಪ್ ಹಾಕಿ ಹೆಚ್ಚಿನ ನೀರನ್ನು ಚರಂಡಿಗೆ ಸೇರಿಸಬೇಕು. ಜೇಡಿ ಮಣ್ಣಾದರೆ ಆ ಪೈಪ್ ಇಲ್ಲದೆ ಮಾಡಲೇಬಾರದು. ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇದರ ಜೊತೆಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 500 ಮೀಟರ್ ಉದ್ದ, 10 ಮೀಟರ್ ಅಗಲದ ರಸ್ತೆ ಮೇಲೆ 20 ಮಿಲಿಮೀಟರ್ ಮಳೆ ಬಂದರೆ ಒಂದು ಲಕ್ಷ ಲೀಟರ್ ನೀರು! ಅದನ್ನು ಚರಂಡಿಗೆ ಬಿಟ್ಟು, ಬೇಸಿಗೆಯಲ್ಲಿ ಅದೇ ಗಿಡಕ್ಕೆ ಟ್ಯಾಂಕರಿನಲ್ಲಿ ನೀರು ತರುತ್ತೇವೆ. ಅಮೆರಿಕದ ಟೂಸಾನ್ ಊರು ಒಣ ಮರುಭೂಮಿ ಪ್ರದೇಶದಲ್ಲಿದೆ. ಅಲ್ಲಿ ಬ್ರ್ಯಾಡ್ ಲಂಕಾಸ್ಟರ್ ಎಂಬುವರು ರಸ್ತೆಯ ಅಂಚುಕಲ್ಲನ್ನು ಕತ್ತರಿಸಿ ಮಳೆನೀರು ಮರದ ಪಾತಿಗೆ ಹೋಗುವ ಹಾಗೆ ಮಾಡಿದರು. ಆಗ ಅದಕ್ಕೆ ಅನುಮತಿ ಇರಲಿಲ್ಲ. ಈಗ ಊರಿನ ಆಡಳಿತವೇ ಅದನ್ನು ಒಪ್ಪಿದೆ. ಅಮೆರಿಕದ್ದೇ ಪೋರ್ಟ್‌ಲೆಂಡಿನಲ್ಲಿ 2003ರಲ್ಲಿ ಒಂದು ಮಾಮೂಲಿ ವಸತಿ ಬೀದಿಯಲ್ಲೇ ರಸ್ತೆ ಅಂಚಿಗೆ ತಗ್ಗಾದ ಗಿಡದ ಪಾತಿ ಮಾಡಿ ನೀರು ಅದಕ್ಕೆ ಬಿಟ್ಟರು.

ಪಾತಿ ರಸ್ತೆಗಿಂತ ತಗ್ಗಿನಲ್ಲಿ ಇರಬೇಕು, ನೆನಪಿಡಿ. ನಮ್ಮಲ್ಲಿ ಪಾತಿಗೆ ಗುಡ್ಡದ ಹಾಗೆ ಮಣ್ಣು ಏರಿಸಿ, ಮಳೆ ಬಂದಾಗ ಮಣ್ಣೆಲ್ಲ ರಸ್ತೆಗೆ ಹರಿದು ಕೆಸರಾಗುತ್ತದೆ. ಇನ್ನು ನಿಂತ ನೀರು ಎರಡು ದಿನದೊಳಗೆ ಇಂಗಿಬಿಡಬೇಕು, ಇಲ್ಲದಿದ್ದರೆ ಸೊಳ್ಳೆ. ನೀರು ಒಳಗೆ ಬರುವ ಬಾಯಿಯ ಹತ್ತಿರ ಹೂಳು ಕೂರುವ ಒಂದು ಸಣ್ಣ ಕಲ್ಲಿನ ಗುಂಡಿ ಇರಲಿ. ಅದನ್ನು ಯಾರು ಬಳಿಯುತ್ತಾರೆ ಅಂತಲೂ ಪತ್ರದಲ್ಲೇ ಇರಲಿ.

ಬಿಳಿಕೋಲು

ನನಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುತ್ತದೆ, ಹಾಗಾಗಿ ನಿಮ್ಮೆಲ್ಲರ ಮಾತು ಕೇಳಿದೆ.

ಫುಟ್‌ಪಾತಿನಲ್ಲಿ ಹಳದಿ ಗೀರಿನ, ಚುಕ್ಕಿಯ ಕಲ್ಲು ಹಾಕುತ್ತಾರಲ್ಲ, ಅದನ್ನು ಜಪಾನಿನ ಸೈಇಚಿ ಮಿಯಾಕೆ 1965ರಲ್ಲಿ ಮಾಡಿದರು. 1967ರಲ್ಲಿ ಒಕಯಾಮ ಊರಿನಲ್ಲಿ ಮೊದಲು ಹಾಕಿದರು. ಗೀರು ಇದ್ದರೆ ಮುಂದೆ ಹೋಗು, ಚುಕ್ಕಿ ಇದ್ದರೆ ನಿಲ್ಲು ಅಂತ ಅರ್ಥ. ನಾನು ಹೋದ ವರ್ಷ ಹೊಸ ಫುಟ್‌ಪಾತ್ ಒಂದರಲ್ಲಿ ಆ ಗೀರನ್ನೇ ನಂಬಿ ನಡೆದು ನೇರವಾಗಿ ಸಿಮೆಂಟಿನ ಹೂಕುಂಡಕ್ಕೆ ಡಿಕ್ಕಿ ಹೊಡೆದೆ. ಮೊಣಕಾಲಿನ ಗಾಯ ಮಾಯಲು ತಿಂಗಳು ಬೇಕಾಯಿತು. ಗಾಯಕ್ಕಿಂತ ಜಾಸ್ತಿ ನೋವು ಕೊಟ್ಟದ್ದು, ನಂಬಿ ನಡೆಯಲು ಮಾಡಿದ ದಾರಿಯನ್ನೇ ಇನ್ನು ನಂಬಲು ಆಗುವುದಿಲ್ಲ ಅನ್ನುವುದು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಕಂಬ, ಕುಂಡ, ಮರ, ಬೆಂಚು, ಎಲ್ಲವೂ ರಸ್ತೆ ಅಂಚಿಗೆ ಒಂದೇ ಸಾಲಿನಲ್ಲಿ ಇರಲಿ. ಒಳಗಿನ 1.8 ಮೀಟರ್ ಪೂರ್ತಿ ಖಾಲಿ ಇರಲಿ. ಅಷ್ಟಿದ್ದರೆ ಎರಡು ಗಾಲಿಕುರ್ಚಿ ಎದುರಾದರೂ ದಾಟಬಹುದು. ಕೊಂಬೆ ತಲೆಗೆ ತಾಗದ ಹಾಗೆ ಸವರಿ. ಕೋಲು ನೆಲ ಮುಟ್ಟಿ ನೋಡುತ್ತದೆ, ಮುಖದ ಎತ್ತರದ ಕೊಂಬೆ ಅದಕ್ಕೆ ಸಿಗುವುದಿಲ್ಲ. ಮನೆ ಗೇಟು ಬಂದಲ್ಲೆಲ್ಲ ಫುಟ್‌ಪಾತ್ ಇಳಿಸಿ ಹತ್ತಿಸಬೇಡಿ. ಫುಟ್‌ಪಾತ್ ಒಂದೇ ಮಟ್ಟದಲ್ಲಿರಲಿ, ಕಾರು ಹತ್ತಿ ಇಳಿಯಲಿ.

ಮೂಲೆಮನೆ

ಇದನ್ನು ಪತ್ರದಲ್ಲಿ ನಿಮ್ಮ ಮಾತಿನಲ್ಲೇ ಹಾಕುತ್ತೇನೆ, ಒಂದಕ್ಷರ ಬದಲಿಸುವುದಿಲ್ಲ.

ಸೈಕಲ್‌ಸವಾರ

ಡಿವೈಡರ್ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದರದ್ದೇ ಭಯ.

ರಸ್ತೆ ನುಣ್ಣಗಾಗಿ, ಅಗಲವಾಗಿ, ನಡುವೆ ಡಿವೈಡರ್ ಬಂದ ಕೂಡಲೇ ಎಲ್ಲರೂ ವೇಗ ಏರಿಸುತ್ತಾರೆ. ನೋಡಿ, 30 ಕಿ.ಮೀ. ವೇಗದಲ್ಲಿ ಬರುವ ಕಾರು, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಸುಮಾರು 13 ಮೀಟರಿಗೆ ನಿಲ್ಲುತ್ತದೆ. 50ರಲ್ಲಿ ಬಂದರೆ 28 ಮೀಟರ್ ಬೇಕು. ಶಾಲೆ ಬಿಟ್ಟ ಹೊತ್ತಿನಲ್ಲಿ ಈ ಹದಿನೈದು ಮೀಟರ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಆಸ್ಟ್ರಿಯದ ಗ್ರಾಟ್ಸ್ ಊರಿನಲ್ಲಿ 1992ರಲ್ಲೇ ಮುಖ್ಯ ರಸ್ತೆಗಳನ್ನು ಬಿಟ್ಟು ಉಳಿದೆಲ್ಲ ಕಡೆ 30ರ ಮಿತಿ ತಂದರು.

ಬರೀ ಬೋರ್ಡ್ ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ. ಗಾಡಿ ಓಡುವ ಪಟ್ಟಿ 3 ಮೀಟರ್ ಆಸುಪಾಸು ಇದ್ದರೆ ತಾನಾಗಿ ನಿಧಾನ ಆಗುತ್ತದೆ. ಉಳಿದ ಜಾಗ ಮರಕ್ಕೆ, ಫುಟ್‌ಪಾತಿಗೆ, ಸೈಕಲ್ಲಿಗೆ ಸಿಗುತ್ತದೆ. ನಾಲ್ಕು ರಸ್ತೆ ಸೇರುವ ಕಡೆ ಸಿಗ್ನಲ್ ಬದಲು ಸಣ್ಣ ವೃತ್ತ ಕೇಳಿ. ಮಾಮೂಲಿ ನಾಲ್ಕು ದಾರಿ ಕೂಡುವಲ್ಲಿ ಗಾಡಿಗಳ ದಾರಿ 32 ಕಡೆ ಒಂದಕ್ಕೊಂದು ಅಡ್ಡ ಬರುತ್ತದೆ, ಒಂದೇ ಪಟ್ಟಿಯ ವೃತ್ತದಲ್ಲಿ 8 ಕಡೆ ಮಾತ್ರ. ಅಮೆರಿಕದ ಕಾರ್ಮೆಲ್ ಎಂಬ ಮಧ್ಯಮ ಊರಿನಲ್ಲಿ ಇಂಥ ವೃತ್ತಗಳು 150ಕ್ಕೂ ಜಾಸ್ತಿ ಇವೆ.

ಡಿವೈಡರಿನಲ್ಲಿ ಗಿಡ ನೆಡುವುದಾದರೆ ಜನ ದಾಟುವ ಕಡೆ ಮೊಣಕಾಲಿಗಿಂತ ಎತ್ತರ ಬೆಳೆಯುವುದು ಬೇಡವೇ ಬೇಡ. ಗಿಡದ ಹಿಂದೆ ನಿಂತ ಮಗು ಚಾಲಕನಿಗೆ ಕಾಣುವುದೇ ಇಲ್ಲ. ನೀರು ಹಾಕುವವರ ಬಗ್ಗೆಯೂ ಯೋಚನೆ ಮಾಡಿ. ಟ್ಯಾಂಕರ್ ವೇಗದ ಪಟ್ಟಿಯಲ್ಲಿ ನಿಲ್ಲುತ್ತದೆ, ಅವರು ಪೈಪ್ ಹಿಡಿದು ಗಾಡಿಗಳ ನಡುವೆ ನಿಲ್ಲುತ್ತಾರೆ. ನಾನು ದಿನಾ ಬೆಳಿಗ್ಗೆ ನೋಡುತ್ತೇನೆ, ಎದೆ ಧಸಕ್ ಅನ್ನುತ್ತದೆ.

ದಿನನಡಿಗೆ

ಹಾಗಾದರೆ ಡಿವೈಡರಿನ ಜಾಗ ಕಡಿಮೆ ಮಾಡಿ ಆ ಮೀಟರನ್ನು ಎರಡೂ ಬದಿಗೆ ಕೊಡಬಹುದಲ್ಲ? ನೆರಳು ಬೇಕಾದದ್ದು ನಡೆಯುವವರಿಗೆ. ನಡುರಸ್ತೆಯಲ್ಲಿ ಯಾರು ನಿಲ್ಲುತ್ತಾರೆ? ದಾಟುವ ಕಡೆ ಮಾತ್ರ ನಿಂತು ಉಸಿರು ಬಿಡಲು ಸ್ವಲ್ಪ ಜಾಗ ಇದ್ದರೆ ಅಮ್ಮನಂಥವರಿಗೆ ಸಾಕು.

ಹಸಿರುಬೇರು

ನೂರಕ್ಕೆ ನೂರು ಒಪ್ಪುತ್ತೇನೆ ಅಕ್ಕ. ನೆರಳಿನಿಂದ ರಸ್ತೆಗೂ ಲಾಭ ಇದೆ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮರದ ನೆರಳಿರುವ ಬೀದಿಗಳ ಡಾಂಬರು ನೆರಳಿಲ್ಲದ್ದಕ್ಕಿಂತ ಚೆನ್ನಾಗಿ ಉಳಿದಿತ್ತು. ಬಿಸಿಲಿಗೆ ಡಾಂಬರಿನ ಜಿಗುಟು ಒಣಗಿ ಬಿರುಕು ಬಿಡುತ್ತದೆ, ನೆರಳಿದ್ದರೆ ಅದು ನಿಧಾನ. ಜಲ್ಲಿಕಲ್ಲು ಸರ್ ಹೇಳಿದ ಬಿರುಕು, ನೀರು, ಗುಂಡಿ ಎಲ್ಲ ಅಲ್ಲಿಂದಲೇ ಶುರು ಅಲ್ವಾ.

ಒಂದೇ ಜಾತಿಯ ಮರ ಸಾಲಾಗಿ ನೆಡುವುದು ಬೇಡ. ನೋಡಲು ಸೊಗಸು, ನಿಜ. ಆದರೆ ಒಂದು ರೋಗ ಬಂದರೆ ಪೂರ್ತಿ ಬೀದಿ ಬೋಳು. ಅಮೆರಿಕದ ಊರುಗಳಲ್ಲಿ ಎಲ್ಮ್ ಮರದ ಸಾಲುಗಳು ರೋಗಕ್ಕೆ ಹೋದವು, ಅದರ ಜಾಗಕ್ಕೆ ಎಷ್ಟೋ ಕಡೆ ಆಶ್ ಮರ ನೆಟ್ಟರು. 2002ರಲ್ಲಿ ಒಂದು ಹುಳ ಪತ್ತೆಯಾಯಿತು, ಆಶ್ ಮರಗಳೂ ಹೋಗತೊಡಗಿದವು. ಸಾಂತಾಮೂರ್ ಎಂಬ ವಿಜ್ಞಾನಿ 1990ರಲ್ಲೇ ಹೇಳಿದ್ದರು, ಒಂದೇ ಜಾತಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ ಅಂತ. ನಾಲ್ಕೈದು ಜಾತಿ ಆದರೂ ಬೆರೆಸೋಣ.

ಕೊನೆಗೆ, ಆಳೆತ್ತರದ ದೊಡ್ಡ ಗಿಡವೇ ಬೇಕು ಅಂತ ಹಟ ಬೇಡ. ಚಿಕ್ಕ ಸಸಿ ಬೇಗ ಬೇರು ಬಿಟ್ಟು ಎಷ್ಟೋ ಸಲ ದೊಡ್ಡದನ್ನೇ ಮೀರಿಸುತ್ತದೆ. ಎರಡು ಮೂರು ವರ್ಷ ನೀರು, ವರ್ಷಕ್ಕೊಮ್ಮೆ ಟ್ರೀ ಗಾರ್ಡ್ ಸಡಿಲ ಮಾಡುವುದು, ಬುಡಕ್ಕೆ ಒಣ ಎಲೆ. ಇಷ್ಟನ್ನು ಕಂಟ್ರಾಕ್ಟಿನಲ್ಲೇ ಬರೆಸಬೇಕು. ಸತ್ತ ಸಸಿಗೆ ಬದಲಿ ಸಸಿ ಕೊಟ್ಟ ಮೇಲೆಯೇ ಕೊನೆಯ ಕಂತಿನ ಹಣ ಅಂತ ಇದ್ದರೆ ಸಸಿ ಉಳಿಯುತ್ತದೆ. ಮೂಲೆಮನೆಯವರೇ, ಆ ಎರಡು ಮರದ ಕಬ್ಬಿಣ ನಾನೇ ಬಂದು ಕತ್ತರಿಸಿ ಕೊಡುತ್ತೇನೆ. ಒಳಗೆ ಹೂತ ಭಾಗ ಎಳೆಯಬೇಡಿ, ತೊಗಟೆ ಕಿತ್ತು ಬರುತ್ತದೆ.

ಅಂಗಡಿಬಾಗಿಲು

ಎಲ್ಲ ಓದಿದೆ. ತುಂಡು ತುಂಡಾಗಿ ಕೆಲಸ ಮಾಡುವುದು, ಸರಕು ಇಳಿಸುವ ಜಾಗ, ಇವೆರಡು ಪತ್ರದಲ್ಲಿ ಇದ್ದರೆ ನಾನೂ ಸಹಿ ಹಾಕುತ್ತೇನೆ, ನಮ್ಮ ಸಾಲಿನವರ ಹತ್ತಿರವೂ ಹಾಕಿಸುತ್ತೇನೆ. ಗಾಡಿ ಜಾಗ ಎಷ್ಟು ಹೋಗುತ್ತದೆ ಅನ್ನುವುದು ಮಾತ್ರ ಅಳತೆ ಹಾಕಿ ತೋರಿಸಿ, ಬಾಯಿ ಮಾತಲ್ಲಿ ಬೇಡ. ಇನ್ನೊಂದು, ಬಿಳಿಕೋಲು ಅವರು ಹೇಳಿದ ಹಾಗೆ ನನ್ನ ಅಂಗಡಿ ಮುಂದೆಯೂ ಒಂದು ಬೋರ್ಡ್ ಫುಟ್‌ಪಾತಿಗೆ ಅಡ್ಡ ಇತ್ತು. ಇವತ್ತು ಒಳಗೆ ತೆಗೆದಿಟ್ಟೆ.

ಬಿಳಿಕೋಲು

ಥ್ಯಾಂಕ್ಸ್ ಅಣ್ಣ. ನಾಳೆ ಆ ಕಡೆ ಬರುತ್ತೇನೆ.

ಮೂಲೆಮನೆ

ಪತ್ರದ ಕರಡು ಈ ವಾರ ಹಾಕುತ್ತೇನೆ. ಅದಕ್ಕೆ ಮುಂಚೆ ಒಂದು ಕೆಲಸ ಇದೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ನಾವೇ ತೋರಿಸಿದರೆ ಯಾರೂ ಇಲ್ಲ ಅನ್ನಲು ಆಗುವುದಿಲ್ಲ. ಮುಂದಿನ ಜೋರು ಮಳೆ ಬಿಟ್ಟ ಕೂಡಲೇ ಬಸ್ ಸ್ಟಾಪಿನ ಹತ್ತಿರ ಸೇರೋಣ. ನಿಂತ ನೀರಿನ ಅಂಚಿಗೆ ಬಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆಯೋಣ, ಫುಟ್‌ಪಾತಿನ ಅಗಲ ಮತ್ತು ಗಾಡಿ ಜಾಗ ಎರಡನ್ನೂ ಟೇಪಿನಲ್ಲಿ ಅಳೆಯೋಣ.

ಜಲ್ಲಿಕಲ್ಲು

ಚರಂಡಿ ಬಾಯಿ ಎಷ್ಟು ಎತ್ತರದಲ್ಲಿದೆ ಅಂತಲೂ ನೋಡಿಬಿಡೋಣ. ನೀರು ತುಂಬಿ ಎರಡು ಕಡೆಯ ಮಟ್ಟ ನೋಡುವ ಟ್ಯೂಬ್ ಲೆವೆಲ್ ನನ್ನ ಹತ್ತಿರ ಇದೆ, ಹದಿನೈದು ಮೀಟರಿನದ್ದು. ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಅಂಗಡಿಬಾಗಿಲು

ನಾನು ಹಿಡಿಯುತ್ತೇನೆ. ಮಳೆ ಬಿಟ್ಟ ತಕ್ಷಣ ಒಂದು ಕೂಗು ಹಾಕಿ, ಅಂಗಡಿಯಲ್ಲೇ ಇರುತ್ತೇನೆ.